ಬ್ರಸೆಲ್ಸ್: ಸಂಸತ್ತು ಒಂದು, ಸುದ್ದಿ ಇಪ್ಪತ್ತೇಳು

ಬ್ರಸೆಲ್ಸ್‌ಗೆ ಹೋದವರೆಲ್ಲ ಮೊದಲು ಓಡುವುದು ಬೀದಿಯ ಮೂಲೆಯೊಂದರಲ್ಲಿ ಉಚ್ಚೆ ಹೊಯ್ಯುತ್ತ ನಿಂತಿರುವ ಪುಟ್ಟ ಹುಡುಗನ ವಿಗ್ರಹ ನೋಡಲು. ಅದರ ಎತ್ತರ ಎರಡು ಅಡಿಯೂ ಇಲ್ಲ. ನೋಡಿದವರು ‘ಇಷ್ಟೇನಾ!’ ಎಂದುಕೊಂಡು, ಪಕ್ಕದ ಅಂಗಡಿಯಲ್ಲಿ ಚಾಕೊಲೇಟು ಕೊಂಡು, ಗ್ರಾಂಡ್ ಪ್ಲಾಸ್ ಎಂಬ ಚೆಲುವಾದ ಚೌಕದಲ್ಲಿ ಫೋಟೋ ತೆಗೆಸಿಕೊಂಡು ಪ್ಯಾರಿಸ್ಸಿಗೋ ಆಮ್‌ಸ್ಟರ್‌ಡ್ಯಾಮಿಗೋ ರೈಲು ಹತ್ತುತ್ತಾರೆ. ಅಲ್ಲಿಂದ ಎರಡು ಮೂರು ಕಿಲೋಮೀಟರು ಪೂರ್ವಕ್ಕೆ ನಡೆದರೆ ಸುಮಾರು 45 ಕೋಟಿ ಜನರಿಗೆ ಕಾನೂನು ಮಾಡುವ ಬಡಾವಣೆಯೊಂದು ಇದೆ. ಪ್ರವಾಸಿಗಳ ಮಾತಿರಲಿ, ಆ 45 ಕೋಟಿ ಜನರಲ್ಲೇ ಬಹಳ ಮಂದಿ ಅದರ ಕಡೆ ತಿರುಗಿ ನೋಡಿದಂತಿಲ್ಲ.

2025ರ ಜೂನ್ ತಿಂಗಳಲ್ಲಿ ನಾನು ಹೋಗಿದ್ದು ಈ ಬಡಾವಣೆಯನ್ನು ನೋಡಲು. ತಂಗಿಯ ಮಗ ಲುವೆನ್ ಎಂಬ ಪಕ್ಕದ ಊರಿನಲ್ಲಿ ಎಂಜಿನಿಯರು. ‘ಮಾವ, ಅಲ್ಲೇನಿದೆ ನೋಡೋಕೆ? ಬರೀ ಆಫೀಸುಗಳು’ ಎಂದು ಅವನು ನಕ್ಕ. ಅವನ ಜೊತೆ ಕೆಲಸ ಮಾಡುವವರಲ್ಲಿ ಪೋರ್ಚುಗಲ್, ಪೋಲೆಂಡ್, ಇಟಲಿ, ಗ್ರೀಸ್ ದೇಶಗಳವರೆಲ್ಲ ಇದ್ದಾರೆ. ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟಕ್ಕೆ ಕೂರುತ್ತಾರೆ. ಆದರೆ ಫೋನು ತೆಗೆದರೆ ಒಬ್ಬೊಬ್ಬರು ಓದುವುದೂ ಅವರವರ ಊರಿನ ಪತ್ರಿಕೆಯನ್ನೇ. ಇಪ್ಪತ್ತೇಳು ದೇಶಗಳನ್ನು ಒಟ್ಟಿಗೆ ಆಳುವ ಒಂದು ವ್ಯವಸ್ಥೆಯಿದ್ದು, ಅದರ ಸುದ್ದಿ ಮಾತ್ರ ಇಪ್ಪತ್ತೇಳು ಕಡೆ ಹರಿದು ಹಂಚಿಹೋದರೆ ಪ್ರಜಾಪ್ರಭುತ್ವ ಹೇಗೆ ನಡೆದೀತು ಎಂಬ ಕುತೂಹಲ ನನಗೆ.

ಅಗೆದು ಹಾಕಿದ ವೃತ್ತ

ರೈಲಿನಿಂದ ಶೂಮಾನ್ ನಿಲ್ದಾಣದಲ್ಲಿ ಇಳಿದು ಮೆಟ್ಟಿಲು ಹತ್ತಿದರೆ ಎದುರಾಗುವುದು ಶೂಮಾನ್ ವೃತ್ತ. ನಾನು ಹೋದಾಗ ನವೀಕರಣಕ್ಕೆಂದು ಅದನ್ನು ಪೂರ್ತಿ ಅಗೆದು ಹಾಕಿದ್ದರು. ಕಬ್ಬಿಣದ ಬೇಲಿ, ಮಣ್ಣಿನ ಗುಡ್ಡೆ, ಹಲಗೆ ಹಾಸಿದ ಕಾಲುದಾರಿ. ಟೈ ಕಟ್ಟಿದ ಅಧಿಕಾರಿಗಳು ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಧೂಳಿನ ನಡುವೆಯೇ ದಾಪುಗಾಲು ಹಾಕುತ್ತಿದ್ದರು. ಬೆಂಗಳೂರು ನೋಡಿದವನಿಗೆ ಇದೊಂದು ತವರು ನೆನಪು.

ರಾಬರ್ಟ್ ಶೂಮಾನ್ ಫ್ರಾನ್ಸಿನ ವಿದೇಶಾಂಗ ಮಂತ್ರಿಯಾಗಿದ್ದವರು. 1950ರ ಮೇ 9ರಂದು ಪ್ಯಾರಿಸ್ಸಿನಲ್ಲಿ ಅವರು ಪತ್ರಕರ್ತರನ್ನು ಕರೆದು, ಫ್ರಾನ್ಸ್ ಮತ್ತು ಜರ್ಮನಿಯ ಕಲ್ಲಿದ್ದಲು ಮತ್ತು ಉಕ್ಕನ್ನು ಎರಡೂ ದೇಶಗಳಿಗೆ ಸೇರದ ಒಂದು ಮೇಲಿನ ಅಧಿಕಾರದ ಕೈಗೆ ಒಪ್ಪಿಸೋಣ ಎಂದು ಸಾರಿದರು. ಇಂದಿನ ಐರೋಪ್ಯ ಒಕ್ಕೂಟದ ಬೀಜ ಅದೇ. ಆ ದಿನ ಅಲ್ಲಿ ಕ್ಯಾಮೆರಾದವರು ಇರಲಿಲ್ಲವಾದ್ದರಿಂದ, ಮುಂದೆ ಫೋಟೋಕ್ಕಾಗಿ ಶೂಮಾನ್ ಅದನ್ನೇ ಮತ್ತೊಮ್ಮೆ ಓದಬೇಕಾಯಿತು. ಪತ್ರಿಕಾಗೋಷ್ಠಿಯಲ್ಲಿ ಹುಟ್ಟಿದ ಒಕ್ಕೂಟಕ್ಕೆ ಪತ್ರಿಕೆಗಳ ಜೊತೆಗಿನ ನಂಟು ಮೊದಲ ದಿನದಿಂದಲೇ ಸ್ವಲ್ಪ ತೊಡಕಿನದು.

ವೃತ್ತದ ಸುತ್ತ ಕಣ್ಣು ಹಾಯಿಸಿದರೆ ಸರ್ಕಾರ ಹೇಗೆ ನಡೆಯುತ್ತದೆಂಬುದು ಕಟ್ಟಡಗಳಲ್ಲೇ ಕಾಣುತ್ತದೆ. ಒಂದು ಬದಿಗೆ ನಾಲ್ಕು ಕೈ ಚಾಚಿದಂತಿರುವ ಬೆರ್ಲೆಮಾಂಟ್ ಭವನ. ಅದು ಐರೋಪ್ಯ ಆಯೋಗದ ಕಚೇರಿ. ಹೊಸ ಕಾನೂನಿನ ಕರಡು ತಯಾರಾಗುವುದು ಬಹುಮಟ್ಟಿಗೆ ಇಲ್ಲಿ ಮಾತ್ರ. ದೇಶಕ್ಕೊಬ್ಬರಂತೆ 27 ಮಂದಿ ಆಯುಕ್ತರು. ಯಾರನ್ನೂ ಜನ ನೇರವಾಗಿ ಆರಿಸಿದ್ದಲ್ಲ. ರಸ್ತೆ ದಾಟಿದರೆ ಯೂರೋಪಾ ಭವನ. ಹಳೆಯ ಓಕ್ ಮರದ ಕಿಟಕಿ ಚೌಕಟ್ಟುಗಳನ್ನು ಹಲವು ದೇಶಗಳಿಂದ ತಂದು ಜೋಡಿಸಿದ ಗೋಡೆ, ಅದರೊಳಗೆ ಲಾಂದ್ರದಂಥ ದೊಡ್ಡ ಅಂಡಾಕಾರ. ಇಲ್ಲಿ ಸದಸ್ಯ ದೇಶಗಳ ಮಂತ್ರಿಗಳೂ ಪ್ರಧಾನಿಗಳೂ ಸೇರುತ್ತಾರೆ. ಇನ್ನೊಂದಷ್ಟು ದೂರ ನಡೆದರೆ ಜನ ಆರಿಸಿದ 720 ಸದಸ್ಯರ ಸಂಸತ್ತು. ಆಯೋಗ ಕರಡು ಕೊಡಬೇಕು, ಮಂತ್ರಿಗಳೂ ಸಂಸತ್ತೂ ಒಪ್ಪಬೇಕು. ಆಗ ಅದು ಕಾನೂನು. ದೆಹಲಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇಂಥ ಅಧಿಕಾರ ಹಂಚಿಕೆ ನಮಗೆ ರೂಢಿಯಿಲ್ಲ. ಯಾವ ತಪ್ಪಿಗೆ ಯಾರು ಹೊಣೆ ಎಂಬುದು ಅಲ್ಲಿನ ಮತದಾರನಿಗೇ ಸುಲಭವಾಗಿ ತಿಳಿಯುವುದಿಲ್ಲ. ತಿಳಿಸಿ ಹೇಳುವವರು ಬೇಕು. ಆ ಕೆಲಸ ಪತ್ರಕರ್ತರದು.

ಹನ್ನೆರಡು ಗಂಟೆಯ ಪ್ರಶ್ನೋತ್ತರ

ಬೆರ್ಲೆಮಾಂಟ್ ಭವನದಲ್ಲಿ ಕೆಲಸದ ದಿನಗಳಂದು ಮಧ್ಯಾಹ್ನ ಹನ್ನೆರಡಕ್ಕೆ ಆಯೋಗದ ವಕ್ತಾರರು ಪತ್ರಕರ್ತರ ಮುಂದೆ ನಿಲ್ಲುತ್ತಾರೆ. ನಮ್ಮಂಥವರಿಗೆ ಒಳಗೆ ಪ್ರವೇಶವಿಲ್ಲ. ಆದರೆ ಅದು ನೇರಪ್ರಸಾರವಾಗುವುದರಿಂದ ಮನೆಯಲ್ಲೇ ಕೂತು ಎರಡು ದಿನ ನೋಡಿದೆ. ಬಹುಮಟ್ಟಿಗೆ ಇಂಗ್ಲಿಷ್, ನಡುನಡುವೆ ಫ್ರೆಂಚ್. ಒಬ್ಬರು ಮೀನುಗಾರಿಕೆಯ ಬಗ್ಗೆ ಕೇಳಿದರೆ ಇನ್ನೊಬ್ಬರು ಗಡಿ ಕಾವಲಿನ ಬಗ್ಗೆ, ಮತ್ತೊಬ್ಬರು ತಮ್ಮ ದೇಶದ ಬಜೆಟ್ಟಿನ ಬಗ್ಗೆ. ಕ್ಲಾಸಿನಲ್ಲಿ ಹುಡುಗರ ಪ್ರಶ್ನೆ ಕೇಳಿ ಅಭ್ಯಾಸವಾದ ನನಗೆ ಒಂದು ಸಂಗತಿ ಬೇಗ ಗೋಚರಿಸಿತು. ಪ್ರಶ್ನೆ ಯಾವ ದೇಶದ ಬಗ್ಗೆ ಎಂಬುದರ ಮೇಲೆ ಕೇಳಿದವರು ಯಾವ ದೇಶದ ಪತ್ರಿಕೆಯವರೆಂದು ಮುಕ್ಕಾಲು ಪಾಲು ಊಹಿಸಬಹುದಾಗಿತ್ತು. ಇದು ಅವರ ತಪ್ಪಲ್ಲ. ಲಿಸ್ಬನ್‌ನ ಸಂಪಾದಕನಿಗೆ ಬೇಕಾದದ್ದು ಪೋರ್ಚುಗಲ್ಲಿಗೆ ಇದರಿಂದ ಏನಾಗುತ್ತದೆ ಎಂಬುದು.

ಶೃಂಗಸಭೆಗಳು ನಡೆದಾಗ ಈ ಗುಣ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಪ್ರಧಾನಿಗಳು ಕಾರಿನಿಂದ ಇಳಿದು ಒಳಗೆ ಹೋಗುವಾಗ ತಮ್ಮ ದೇಶದ ಮೈಕುಗಳ ಮುಂದೆ ತಮ್ಮ ಭಾಷೆಯಲ್ಲಿ ನಾಲ್ಕು ಮಾತಾಡುತ್ತಾರೆ. ಮಾತುಕತೆ ಎಷ್ಟೋ ಸಲ ನಡುರಾತ್ರಿ ದಾಟುತ್ತದೆ. ಬಾಗಿಲು ಮುಚ್ಚಿದ ಕೋಣೆ, ಒಳಗೆ ಪತ್ರಕರ್ತರಿಲ್ಲ. ಮುಗಿದ ಮೇಲೆ ಒಬ್ಬೊಬ್ಬರೂ ಬೇರೆಬೇರೆ ಕೋಣೆಗಳಲ್ಲಿ ತಮ್ಮ ದೇಶದ ವರದಿಗಾರರಿಗೆ ಪ್ರತ್ಯೇಕ ಗೋಷ್ಠಿ ನಡೆಸುತ್ತಾರೆ. ಒಳ್ಳೆಯದು ನಡೆದಿದ್ದರೆ ‘ನಾನು ಹೋರಾಡಿ ತಂದೆ’. ಕಹಿಯಾದದ್ದು ನಡೆದಿದ್ದರೆ ‘ಬ್ರಸೆಲ್ಸ್ ನಮ್ಮ ಮೇಲೆ ಹೇರಿತು’. ಮರುದಿನ ಬೆಳಿಗ್ಗೆ ಒಂದೇ ಸಭೆಯಿಂದ ಗೆದ್ದು ಬಂದವರ ಸಂಖ್ಯೆ ಇಪ್ಪತ್ತೇಳು! ಸೋತವರು ಯಾರೂ ಇಲ್ಲ.

2016ರ ಫೆಬ್ರವರಿಯ ಶೃಂಗಸಭೆ ಇದಕ್ಕೊಂದು ನಿದರ್ಶನ. ಬ್ರಿಟನ್ ಒಕ್ಕೂಟದಲ್ಲಿ ಉಳಿಯಬೇಕಾದರೆ ಅದಕ್ಕೆ ಯಾವ ರಿಯಾಯಿತಿ ಕೊಡಬೇಕು ಎಂಬ ಚರ್ಚೆ ಎಳೆದಾಡುತ್ತಿದ್ದಾಗ, ಜರ್ಮನಿಯ ಚಾನ್ಸಲರ್ ಆಂಗೆಲಾ ಮೆರ್ಕೆಲ್ ಬಿಡುವು ಮಾಡಿಕೊಂಡು ಹತ್ತಿರದ ಜೋರ್ಡಾನ್ ಚೌಕದ ಮೇಸೋಂ ಆಂಟ್ವಾನ್ ಅಂಗಡಿಯಲ್ಲಿ ಕರಿದ ಆಲೂಗೆಡ್ಡೆ ಕೊಂಡರು. ಆ ಸುದ್ದಿ ಊರೂರು ಸುತ್ತಿತು. ಒಳಗಿನ ಒಪ್ಪಂದದಲ್ಲಿ ಏನಿತ್ತೆಂದು ಕೇಳಿದರೆ ಈಗ ಎಷ್ಟು ಜನ ಹೇಳಿಯಾರು? ನಾನೂ ಆ ಅಂಗಡಿಯ ಸಾಲಿನಲ್ಲಿ ನಿಂತು ಕಾಗದದ ಪೊಟ್ಟಣದಲ್ಲಿ ಆಲೂಗೆಡ್ಡೆ ತಿಂದೆ. ರುಚಿಯೇನೋ ಚೆನ್ನಾಗಿತ್ತು, ಸುದ್ದಿಯಾಗಲು ತಕ್ಕುದಾಗಿತ್ತು.

552 ಜೋಡಿ ಭಾಷೆ

ಸಂಸತ್ತಿನ ಮುಂದೆ ಲಕ್ಸೆಂಬರ್ಗ್ ಚೌಕವಿದೆ. ಹಳೆಯ ರೈಲು ನಿಲ್ದಾಣದ ಮುಂಭಾಗವನ್ನು ಹಾಗೆಯೇ ಉಳಿಸಿಕೊಂಡು ಹಿಂದೆ ಗಾಜಿನ ಭವನ ಎಬ್ಬಿಸಿದ್ದಾರೆ. ಅದರ ದುಂಡು ಆಕಾರ ನೋಡಿ ಸ್ಥಳೀಯರು ಒಂದು ಚೀಸಿನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರಂತೆ. ಪಾಸ್‌ಪೋರ್ಟ್ ತೋರಿಸಿದರೆ ಒಳಗೆ ಬಿಡುತ್ತಾರೆ, ಕಾಸು ಕೊಡಬೇಕಿಲ್ಲ.

ಅರ್ಧಚಂದ್ರಾಕಾರದ ಸಭಾಂಗಣದ ಗೋಡೆಯುದ್ದಕ್ಕೂ ಗಾಜಿನ ಗೂಡುಗಳು. ಒಳಗೆ ದುಭಾಷಿಗಳ ಕುರ್ಚಿಗಳು. ಒಕ್ಕೂಟಕ್ಕೆ 24 ಅಧಿಕೃತ ಭಾಷೆಗಳು. ಒಂದೊಂದರಿಂದಲೂ ಉಳಿದ 23ಕ್ಕೆ ಅನುವಾದವಾಗಬೇಕೆಂದರೆ 24ನ್ನು 23ರಿಂದ ಗುಣಿಸಿ: 552 ಜೋಡಿ. ಆರು ಸ್ಥಾನಗಳ ಮಾಲ್ಟಾದವರೂ 96 ಸ್ಥಾನಗಳ ಜರ್ಮನಿಯವರೂ ತಮ್ಮ ತಾಯ್ನುಡಿಯಲ್ಲೇ ಮಾತಾಡಬಹುದು. ಕನ್ನಡದವನಾಗಿ ನನಗೆ ಈ ಏರ್ಪಾಟಿನ ಮೇಲೆ ಸ್ವಲ್ಪ ಅಸೂಯೆಯೇ ಆಯಿತು.

ಆದರೆ ಸಭಾಂಗಣದ ಒಳಗೆ ದುಭಾಷಿ ಇದ್ದಾನೆ, ಹೊರಗೆ ಇಲ್ಲ. ಗ್ರೀಕ್ ಸದಸ್ಯೆಯ ಮಾತು ಫಿನ್ಲೆಂಡಿನ ಸದಸ್ಯನ ಕಿವಿಗೆ ಅವನ ಭಾಷೆಯಲ್ಲೇ ಬೀಳುತ್ತದೆ. ಫಿನ್ಲೆಂಡಿನ ಓದುಗನ ಕೈಗೆ ಬೀಳುವುದಿಲ್ಲ. ಇಡೀ ಯೂರೋಪಿಗೆ ಒಂದು ಪತ್ರಿಕೆ ಮಾಡುವ ಪ್ರಯತ್ನ ನಡೆಯದೆ ಇಲ್ಲ. ಬ್ರಿಟನ್ನಿನ ರಾಬರ್ಟ್ ಮ್ಯಾಕ್ಸ್‌ವೆಲ್ 1990ರಲ್ಲಿ ‘ದಿ ಯೂರೋಪಿಯನ್’ ಎಂಬ ವಾರಪತ್ರಿಕೆ ಹೊರಡಿಸಿದರು. 1998ರಲ್ಲಿ ಅದು ನಿಂತಿತು. 1993ರಲ್ಲಿ ಹಲವು ಭಾಷೆಗಳ ‘ಯೂರೋನ್ಯೂಸ್’ ದೂರದರ್ಶನ ವಾಹಿನಿ ಬಂತು. 2015ರಿಂದ ‘ಪೊಲಿಟಿಕೊ’ದ ಯೂರೋಪ್ ಆವೃತ್ತಿ ಬ್ರಸೆಲ್ಸ್‌ನಿಂದಲೇ ಹೊರಡುತ್ತಿದೆ. ಇಂಗ್ಲಿಷಿನ ಆ ವರದಿಗಳನ್ನು ಆ ಬಡಾವಣೆಯವರು, ರಾಯಭಾರಿಗಳು, ಕಂಪನಿಗಳ ಪರ ಓಡಾಡುವವರು ಬಿಡದೆ ಓದುತ್ತಾರೆ. ಆದರೆ ಬಲ್ಗೇರಿಯದ ಹಳ್ಳಿಯಲ್ಲಿ ಹಾಲು ಕರೆಯುವವನನ್ನು ಅವು ತಲುಪುವ ಸಂಭವ ಕಡಿಮೆ.

ನಮ್ಮಲ್ಲೂ ಭಾಷೆಗಳು ಹಲವು. ಆದರೂ ಬಿಹಾರದ ಮುಖ್ಯಮಂತ್ರಿ ಯಾರು, ತಮಿಳುನಾಡಿನಲ್ಲಿ ಯಾವ ಪಕ್ಷ ಎಂದು ನಮ್ಮ ಹಳ್ಳಿಯ ಹೋಟೆಲಿನಲ್ಲಿ ಚಹಾ ಕುಡಿಯುವವರು ವಾದ ಮಾಡುತ್ತಾರೆ. ಕನ್ನಡ ಪತ್ರಿಕೆಯೂ ದೆಹಲಿಯಲ್ಲೊಬ್ಬ ವರದಿಗಾರನನ್ನು ಇಟ್ಟುಕೊಳ್ಳುತ್ತದೆ. ಲೋಕಸಭೆಯ ಗದ್ದಲ ಮರುದಿನ ಮುಖಪುಟದಲ್ಲಿರುತ್ತದೆ. ಭಾಷೆ ಬೇರೆಯಾದರೂ ಜಗಳ ಒಂದೇ. ಯೂರೋಪಿನಲ್ಲಿ ಸಂಸತ್ತು ಒಂದು, ಜಗಳಗಳು ಬೇರೆಬೇರೆ.

ಇದನ್ನು ಗ್ರಾಫ್ ಹಾಳೆಯ ಮೇಲೆ ಬರೆದು ನೋಡಬಹುದು. 1979ರಲ್ಲಿ ಸಂಸತ್ತಿಗೆ ಮೊದಲ ನೇರ ಚುನಾವಣೆ ನಡೆದಾಗ ಶೇ. 62ರಷ್ಟು ಜನ ಮತ ಹಾಕಿದ್ದರು. ಅಲ್ಲಿಂದ ಪ್ರತಿ ಚುನಾವಣೆಯಲ್ಲೂ ಇಳಿತ. 1994ರಲ್ಲಿ ಸುಮಾರು ಶೇ. 57, 2004ರಲ್ಲಿ ಶೇ. 45, 2014ರಲ್ಲಿ ಶೇ. 42.6. ಆ ವರ್ಷ ಸ್ಲೊವಾಕಿಯದಲ್ಲಿ ಮತ ಹಾಕಿದವರು ನೂರಕ್ಕೆ ಹದಿಮೂರು ಮಂದಿ! ವಿಚಿತ್ರವೆಂದರೆ ಇದೇ ಅವಧಿಯಲ್ಲಿ ಒಪ್ಪಂದದ ಮೇಲೆ ಒಪ್ಪಂದವಾಗಿ ಸಂಸತ್ತಿನ ಅಧಿಕಾರ ಏರುತ್ತಲೇ ಹೋಯಿತು. ಒಂದು ರೇಖೆ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಅಧಿಕಾರ ಹೆಚ್ಚಿದ್ದು ಮತದಾರನ ಅರಿವಿಗೇ ಬರಲಿಲ್ಲ. 2019ರಲ್ಲಿ ಮತ್ತೆ ಶೇ. 50 ದಾಟಿ, 2024ರಲ್ಲೂ ಅಲ್ಲೇ ನಿಂತಿದೆ. ಬ್ರಿಟನ್ ಹೊರಟುಹೋದದ್ದು, ವಲಸೆ, ಹವಾಮಾನ, ಯುದ್ಧ ಇವೆಲ್ಲ ಯೂರೋಪಿನ ವಿಷಯವನ್ನು ಆಯಾ ದೇಶದ ಮುಖಪುಟಕ್ಕೆ ತಂದದ್ದೂ ಇದಕ್ಕೊಂದು ಕಾರಣವಿರಬೇಕು.

ಸೌತೆಕಾಯಿಯ ಡೊಂಕು

ಸುದ್ದಿ ಸಾಲದಾದಾಗ ಆ ಜಾಗ ಖಾಲಿ ಇರುವುದಿಲ್ಲ. ಕಥೆ ಬಂದು ಕೂರುತ್ತದೆ.

1988ರಲ್ಲಿ ಒಕ್ಕೂಟ ಸೌತೆಕಾಯಿಗೆ ದರ್ಜೆಯ ನಿಯಮ ಮಾಡಿತು. ಮೇಲಿನ ದರ್ಜೆಯ ಕಾಯಿ ಹತ್ತು ಸೆಂಟಿಮೀಟರ್ ಉದ್ದಕ್ಕೆ ಹತ್ತು ಮಿಲಿಮೀಟರಿಗಿಂತ ಹೆಚ್ಚು ಬಾಗಿರಬಾರದು. ಡೊಂಕು ಕಾಯನ್ನು ಮಾರಲೇಬಾರದೆಂದು ಇದರ ಅರ್ಥವಲ್ಲ. ಅದು ಕೆಳಗಿನ ದರ್ಜೆಗೆ ಹೋಗುತ್ತಿತ್ತು. ನೇರ ಕಾಯಿಯನ್ನು ಪೆಟ್ಟಿಗೆಯಲ್ಲಿ ಜೋಡಿಸುವುದು ಸುಲಭ. ದೂರದಿಂದ ಕೊಳ್ಳುವ ವ್ಯಾಪಾರಿಗೆ ಪೆಟ್ಟಿಗೆಯಲ್ಲಿ ಎಷ್ಟಿವೆಯೆಂಬ ಅಂದಾಜೂ ಸಿಗುತ್ತದೆ. 1994ರಲ್ಲಿ ಬಾಳೆಹಣ್ಣಿನ ನಿಯಮ ಬಂತು: ಕನಿಷ್ಠ 14 ಸೆಂಟಿಮೀಟರ್ ಉದ್ದ, 27 ಮಿಲಿಮೀಟರ್ ದಪ್ಪ, ಅಸಹಜ ಬಾಗು ಇರಬಾರದು. ಇಲ್ಲೂ ಎರಡನೇ ದರ್ಜೆಯ ಹಣ್ಣಿಗೆ ಆಕಾರದ ದೋಷ ಮಾಫಿ. ಬ್ರಿಟನ್ನಿನ ಪತ್ರಿಕೆಗಳು ಇದನ್ನು ‘ಬಾಗಿದ ಬಾಳೆಹಣ್ಣಿಗೆ ಬ್ರಸೆಲ್ಸ್ ನಿಷೇಧ’ ಎಂಬಂತೆ ಬರೆದು ವರ್ಷಗಟ್ಟಲೆ ನಗೆಯಾಡಿದವು. ಸೌತೆಕಾಯಿಯ ನಿಯಮ 2009ರ ಜುಲೈನಲ್ಲಿ ರದ್ದಾಯಿತು. ಕಥೆ ರದ್ದಾಗಲಿಲ್ಲ.

ಈ ಬಗೆಯ ಬರವಣಿಗೆಯಲ್ಲಿ ಹೆಸರು ಮಾಡಿದವರು 1989ರಿಂದ 1994ರವರೆಗೆ ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಬ್ರಸೆಲ್ಸ್ ವರದಿಗಾರರಾಗಿದ್ದ ಬೋರಿಸ್ ಜಾನ್ಸನ್. ಬೆರ್ಲೆಮಾಂಟ್ ಭವನದ ತುಂಬ ಕಲ್ನಾರು ಇತ್ತು. ಅದರ ನಾರು ಶ್ವಾಸಕೋಶಕ್ಕೆ ಅಪಾಯವೆಂದು 1991ರಲ್ಲಿ ನೌಕರರನ್ನೆಲ್ಲ ಖಾಲಿ ಮಾಡಿಸಿದರು. ಕಟ್ಟಡವನ್ನು ಸಿಡಿಮದ್ದಿಟ್ಟು ಉರುಳಿಸಲಿದ್ದಾರೆ ಎಂದು ಜಾನ್ಸನ್ ಬರೆದರು. ಅದರ ಬದಲು ಒಳಗನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದರು. 2004ರಲ್ಲಿ ಆಯೋಗ ಹಿಂದಿರುಗಿತು. ಮುಂದೆ ಜಾನ್ಸನ್ ಒಕ್ಕೂಟ ಬಿಡುವ ಚಳವಳಿಯ ಮುಂದಾಳಾಗಿ, ಪ್ರಧಾನಿಯೂ ಆದರು. 2016ರ ಜೂನ್ 23ರಂದು ಬ್ರಿಟನ್ನಿನ ಶೇ. 51.9ರಷ್ಟು ಮತದಾರರು ಒಕ್ಕೂಟ ಬಿಡೋಣ ಎಂದರು.

ಅದು ಬಾಳೆಹಣ್ಣಿನಿಂದಲೇ ಆಯಿತೆನ್ನಲಾಗದು. ವಲಸೆ, ಹಣ, ಸ್ವಂತ ಆಡಳಿತದ ಅಭಿಮಾನ ಎಲ್ಲ ಸೇರಿದ್ದವು. ಬಿಡಬೇಕೆನ್ನುವುದಕ್ಕೆ ತಕ್ಕ ವಾದಗಳೂ ಇದ್ದವು. ಆದರೆ ಮೂವತ್ತು ವರ್ಷ ಮನೆಗೆ ಬಂದ ಪತ್ರಿಕೆಯಲ್ಲಿ ಒಕ್ಕೂಟವೆಂದರೆ ಡೊಂಕು ಕಾಯಿ ಅಳೆಯುವವರು ಎಂದಷ್ಟೇ ಓದಿದವನಿಗೆ, ಮತಗಟ್ಟೆಯಲ್ಲಿ ಆ ವಾದಗಳನ್ನು ತೂಗಿ ನೋಡಲು ತಕ್ಕಡಿ ಎಲ್ಲಿಂದ ಬರಬೇಕು? ಪ್ರಯೋಗಶಾಲೆಯಲ್ಲಿ ಅಳತೆಯ ಪಟ್ಟಿಯೇ ತಪ್ಪಿದ್ದರೆ ಹುಡುಗ ಎಷ್ಟು ಶ್ರದ್ಧೆಯಿಂದ ಅಳೆದರೂ ಉತ್ತರ ಸರಿಯಾಗುವುದಿಲ್ಲ.

ಇಪ್ಪತ್ತು ಮಂದಿ ಮನೆಗೆ

ಪತ್ರಿಕೆಗಳು ತಮ್ಮ ಕೆಲಸ ಮಾಡಿದಾಗ ಏನಾಗುತ್ತದೆ ಎಂಬುದಕ್ಕೂ ಇದೇ ಬೀದಿಗಳು ಸಾಕ್ಷಿ. 1998ರಲ್ಲಿ ಆಯೋಗದ ಲೆಕ್ಕ ತಪಾಸಣೆ ವಿಭಾಗದ ಡಚ್ ನೌಕರ ಪಾಲ್ ವಾನ್ ಬ್ಯೂಟನೆನ್, ಒಳಗಿನ ಅವ್ಯವಹಾರಗಳನ್ನು ವಿವರಿಸುವ ಪತ್ರವನ್ನು ಸಂಸತ್ತಿನ ಸದಸ್ಯರಿಗೆ ಕೊಟ್ಟರು. ಆಯೋಗ ಅವರನ್ನೇ ಅಮಾನತು ಮಾಡಿ ಸಂಬಳ ಅರ್ಧಕ್ಕಿಳಿಸಿತು. ಅಷ್ಟರಲ್ಲಿ ಫ್ರಾನ್ಸಿನ ‘ಲಿಬರಾಸಿಯೋಂ’ ಸೇರಿದಂತೆ ಹಲವು ಪತ್ರಿಕೆಗಳ ವರದಿಗಾರರು ಜಾಡು ಹಿಡಿದಿದ್ದರು. ಆಯುಕ್ತೆ ಎಡಿತ್ ಕ್ರೆಸ್ಸೋಂ ತಮ್ಮ ಪರಿಚಯದ ದಂತವೈದ್ಯರೊಬ್ಬರನ್ನು ಸಲಹೆಗಾರರೆಂದು ನೇಮಿಸಿಕೊಂಡಿದ್ದ ಸಂಗತಿ ಹೊರಬಂತು. ಬೇರೆಬೇರೆ ದೇಶಗಳ ವರದಿಗಾರರು, ದಿನವೂ ಪೈಪೋಟಿ ನಡೆಸುವವರು, ಈ ವಿಷಯದಲ್ಲಿ ಕಾಗದಪತ್ರ ಹಂಚಿಕೊಂಡರು. ಒಂದೇ ಪ್ರಶ್ನೆ ಹಲವು ದೇಶಗಳ ಪತ್ರಿಕೆಗಳಲ್ಲಿ ಒಟ್ಟಿಗೆ ಎದ್ದಿತು.

1999ರ ಜನವರಿಯಲ್ಲಿ ಸಂಸತ್ತಿನಲ್ಲಿ ಬಂದ ಖಂಡನಾ ನಿರ್ಣಯ ಸೋತಿತು. ಆದರೆ ಐವರು ಸ್ವತಂತ್ರ ತಜ್ಞರ ಸಮಿತಿ ನೇಮಕವಾಯಿತು. ಮಾರ್ಚ್ 15ರಂದು ಸಮಿತಿಯ ವರದಿ ಬಂದ ರಾತ್ರಿಯೇ ಅಧ್ಯಕ್ಷ ಜಾಕ್ ಸಾಂಟರ್ ಸಹಿತ ಇಪ್ಪತ್ತೂ ಆಯುಕ್ತರು ರಾಜೀನಾಮೆ ಕೊಟ್ಟರು. ಹೀಗೆ ಇಡೀ ಆಯೋಗ ಮನೆಗೆ ಹೋದದ್ದು ಅದೊಂದೇ ಸಲ. ಮೂರು ತಿಂಗಳ ನಂತರ ಚುನಾವಣೆ. ಸಂಸತ್ತು ತನ್ನ ಶಕ್ತಿ ತೋರಿಸಿದ ಆ ವರ್ಷವೇ ಮತದಾನ ಮೊದಲ ಬಾರಿಗೆ ಶೇ. 50ಕ್ಕಿಂತ ಕೆಳಗಿಳಿಯಿತು. ಒಂದು ದೊಡ್ಡ ಸುದ್ದಿ ಬಂದು ಹೋದರೆ ಸಾಲದು. ದಿನನಿತ್ಯದ ಸುದ್ದಿ ಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಇತ್ತೀಚಿನದನ್ನೂ ಹೇಳಬೇಕು. 2021ರಲ್ಲಿ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೇಯೆನ್, 180 ಕೋಟಿ ಡೋಸ್‌ವರೆಗಿನ ಕೋವಿಡ್ ಲಸಿಕೆಯ ಖರೀದಿಯ ಸಮಯದಲ್ಲಿ ಫೈಜರ್ ಕಂಪನಿಯ ಮುಖ್ಯಸ್ಥರೊಡನೆ ಫೋನಿನಲ್ಲಿ ಸಂದೇಶ ವಿನಿಮಯ ಮಾಡಿಕೊಂಡಿದ್ದರೆಂದು ‘ನ್ಯೂಯಾರ್ಕ್ ಟೈಮ್ಸ್’ ಬರೆಯಿತು. ಆ ಸಂದೇಶಗಳನ್ನು ಕೊಡಿ ಎಂದರೆ ಆಯೋಗ ಕೊಡಲಿಲ್ಲ. ಪತ್ರಿಕೆ ನ್ಯಾಯಾಲಯಕ್ಕೆ ಹೋಯಿತು. 2025ರ ಮೇ 14ರಂದು, ಆಯೋಗ ನಿರಾಕರಿಸಿದ ರೀತಿ ಸರಿಯಲ್ಲವೆಂದು ಲಕ್ಸೆಂಬರ್ಗ್‌ನ ನ್ಯಾಯಾಲಯ ತೀರ್ಪಿತ್ತಿತು. ನಾನು ಊರಿಗೆ ಮರಳಿದ ಮೇಲೆ, ಜುಲೈ 10ರಂದು, ಅಧ್ಯಕ್ಷೆಯ ವಿರುದ್ಧದ ಖಂಡನಾ ನಿರ್ಣಯ 175 ಮತ ಪಡೆದು, 360 ಮತಗಳ ಎದುರು ಸೋತಿತು. ಸೋಲು ಗೆಲುವಿನ ಮಾತು ಬೇರೆ. ಒಂದು ಪ್ರಶ್ನೆ ನಾಲ್ಕು ವರ್ಷ ಬದುಕಿ ಉಳಿದು ಸಂಸತ್ತಿನ ಮಹಡಿ ಹತ್ತಿತಲ್ಲ, ಅದು ಪತ್ರಿಕೆಯಿಂದ ಆದದ್ದು. ಆ ಪತ್ರಿಕೆ ಯೂರೋಪಿನದಲ್ಲ, ಅಮೆರಿಕದ್ದು ಎಂಬುದನ್ನೂ ಗಮನಿಸಬೇಕು.

ಪತ್ರಕರ್ತೆಯ ಹೆಸರಿನ ಭವನ

ಈ ಸಂಸತ್ತಿಗೆ ಎರಡು ಮನೆಗಳು. ವರ್ಷದಲ್ಲಿ ಹನ್ನೆರಡು ಸಲ ಪೂರ್ಣ ಅಧಿವೇಶನ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ನಡೆಯಲೇಬೇಕೆಂದು ಒಪ್ಪಂದದಲ್ಲೇ ಬರೆದಿದೆ. ನಾನೂರಕ್ಕೂ ಹೆಚ್ಚು ಕಿಲೋಮೀಟರು ದೂರ. ಸದಸ್ಯರು, ನೌಕರರು, ದುಭಾಷಿಗಳು, ಲಾರಿ ತುಂಬ ಕಡತದ ಪೆಟ್ಟಿಗೆಗಳು, ಎಲ್ಲವೂ ಹೋಗಿ ಬರಬೇಕು. ಎಲ್ಲವನ್ನೂ ಬ್ರಸೆಲ್ಸ್‌ಗೆ ಸೇರಿಸಿದರೆ ವರ್ಷಕ್ಕೆ 11.4 ಕೋಟಿ ಯೂರೋ ಉಳಿಯುತ್ತದೆಂದು ಒಕ್ಕೂಟದ ಲೆಕ್ಕಪರಿಶೋಧಕರೇ 2014ರಲ್ಲಿ ಹೇಳಿದ್ದರು. ವರದಿಗಾರರೂ ಈ ತಿರುಗಾಟದಲ್ಲಿ ಹಿಂದೆಯೇ ಓಡಬೇಕು. ಒಬ್ಬ ವರದಿಗಾರನನ್ನೇ ಕಷ್ಟದಿಂದ ಸಾಕುವ ಸಣ್ಣ ಪತ್ರಿಕೆಗೆ ಇದು ಎಟುಕುವ ಖರ್ಚಲ್ಲ.

ನಾನು ಹೋದದ್ದು ಅಧಿವೇಶನವಿಲ್ಲದ ದಿನ. ಇಲ್ ನದಿಯ ದಂಡೆಯಲ್ಲಿ ಗಾಜಿನ ಭವನ ಸದ್ದಿಲ್ಲದೆ ನಿಂತಿತ್ತು. ದುಂಡನೆಯ ಗೋಪುರದ ಒಂದು ಭಾಗ ಕಟ್ಟುವುದನ್ನು ಅರ್ಧಕ್ಕೇ ಬಿಟ್ಟಂತೆ ಕಾಣುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ. ಭವನಕ್ಕೆ ಲೂಯಿಸ್ ವೈಸ್ ಎಂಬ ಮಹಿಳೆಯ ಹೆಸರು. 1893ರಲ್ಲಿ ಹುಟ್ಟಿದ ಈಕೆ ಪತ್ರಕರ್ತೆ. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಆರಂಭವಾದ ‘ಲ್ಯೂರೋಪ್ ನುವೆಲ್’, ಎಂದರೆ ಹೊಸ ಯೂರೋಪು, ಎಂಬ ವಾರಪತ್ರಿಕೆಯನ್ನು 1934ರವರೆಗೆ ನಡೆಸಿದರು. ಫ್ರಾನ್ಸಿನ ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದರು. 1979ರ ಜುಲೈನಲ್ಲಿ ಜನರಿಂದ ಆರಿಸಿಬಂದ ಮೊದಲ ಸಂಸತ್ತು ಸೇರಿದಾಗ, 86ರ ಈಕೆ ಅತ್ಯಂತ ಹಿರಿಯ ಸದಸ್ಯೆಯಾಗಿ ಆರಂಭದ ಭಾಷಣ ಮಾಡಿದರು. ಸಂಸತ್ ಭವನಕ್ಕೆ ಯಾವುದೋ ದೊರೆಯ ಹೆಸರಿಡದೆ ಪತ್ರಿಕೆ ನಡೆಸಿದವಳ ಹೆಸರಿಟ್ಟದ್ದು ನನಗೆ ಹಿಡಿಸಿತು.

ಭವನದಿಂದ ನಡೆದು ಹೋಗುವಷ್ಟು ದೂರದಲ್ಲೇ ಮಾನವ ಹಕ್ಕುಗಳ ಐರೋಪ್ಯ ನ್ಯಾಯಾಲಯವಿದೆ. ಇದು ಒಕ್ಕೂಟಕ್ಕೆ ಸೇರಿದ್ದಲ್ಲ, ಬೇರೆಯೇ ಸಂಸ್ಥೆ. ಒಕ್ಕೂಟದ ವಂಚನೆ ತಡೆ ಕಚೇರಿಯ ಬಗ್ಗೆ ಬರೆದ ಜರ್ಮನಿಯ ‘ಸ್ಟೆರ್ನ್’ ಪತ್ರಿಕೆಯ ವರದಿಗಾರ ಹಾನ್ಸ್ ಮಾರ್ಟಿನ್ ಟಿಲಾಕ್ ಅವರ ಬ್ರಸೆಲ್ಸ್ ಮನೆ ಮತ್ತು ಕಚೇರಿಗೆ 2004ರ ಮಾರ್ಚ್‌ನಲ್ಲಿ ಬೆಲ್ಜಿಯಂ ಪೊಲೀಸರು ನುಗ್ಗಿ ಪೆಟ್ಟಿಗೆಗಟ್ಟಲೆ ಕಾಗದ ಹೊತ್ತೊಯ್ದಿದ್ದರು. ಸುದ್ದಿಮೂಲ ಯಾರೆಂದು ಕಂಡುಹಿಡಿಯುವುದು ಅವರ ಉದ್ದೇಶ. ಅದು ವರದಿಗಾರನ ಹಕ್ಕಿನ ಉಲ್ಲಂಘನೆ ಎಂದು 2007ರ ನವೆಂಬರ್‌ನಲ್ಲಿ ಈ ನ್ಯಾಯಾಲಯ ಹೇಳಿತು. ನ್ಯಾಯ ಸಿಗಲು ಮೂರೂವರೆ ವರ್ಷ ಹಿಡಿಯಿತು. ಆದರೂ ಸಿಕ್ಕಿತು.

ಸಂಜೆ ಟ್ರಾಮ್ ಹತ್ತಿ ರೈನ್ ನದಿ ದಾಟಿದೆ. ಆಚೆ ದಂಡೆ ಜರ್ಮನಿಯ ಕೇಲ್ ಪಟ್ಟಣ. 2017ರಿಂದ ಈ ಟ್ರಾಮ್ ಓಡುತ್ತಿದೆ. ಮುಕ್ಕಾಲು ಶತಮಾನದಲ್ಲಿ ಮೂರು ಯುದ್ಧ ಕಂಡ ಗಡಿಯನ್ನು ಶಾಲೆಯ ಚೀಲ ಹೊತ್ತ ಮಕ್ಕಳು, ತರಕಾರಿ ಚೀಲ ಹಿಡಿದ ಅಜ್ಜಿಯರು ಸಿಟಿ ಬಸ್ಸಿನಲ್ಲಿ ದಾಟುವ ಹಾಗೆ ದಾಟುತ್ತಿದ್ದರು. ಒಕ್ಕೂಟದ ಅತಿ ದೊಡ್ಡ ಸುದ್ದಿ ಇದೇ. ಆದರೆ ದಿನವೂ ನಡೆಯುವುದರಿಂದ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ಕಾಫಿ ತೋಟದ ಅಕ್ಷಾಂಶ

ದೂರದ ಯೂರೋಪಿನ ಈ ಸುದ್ದಿಯ ಬರ ನಮಗೇಕೆ ಎಂದು ಓದುಗರು ಕೇಳಬಹುದು. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು, ಅದನ್ನು ಕೊಳ್ಳುವವರಲ್ಲಿ ಮುಂದಿರುವುದು ಇಟಲಿ. 2021ರ ನವೆಂಬರ್‌ನಲ್ಲಿ ಬೆರ್ಲೆಮಾಂಟ್ ಭವನದಿಂದ ಒಂದು ಕರಡು ಹೊರಟಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೊ ಮೊದಲಾದ ಸರಕುಗಳನ್ನು ಒಕ್ಕೂಟದೊಳಗೆ ಮಾರುವಂತಿಲ್ಲ. ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. 2022ರ ಡಿಸೆಂಬರ್‌ನಲ್ಲಿ ಸಂಸತ್ತು, ಮಂತ್ರಿಗಳು, ಆಯೋಗ ಮೂವರೂ ಮುಚ್ಚಿದ ಕೋಣೆಯಲ್ಲಿ ಕೂತು ಒಪ್ಪಂದಕ್ಕೆ ಬಂದರು. 2023ರ ಏಪ್ರಿಲ್‌ನಲ್ಲಿ ಸಂಸತ್ತು ಮತ ಹಾಕಿತು. ಜೂನ್‌ನಲ್ಲಿ ಕಾನೂನು ಬಂತು.

ಮೂಡಿಗೆರೆ ಕಡೆಯ ನನ್ನ ಪರಿಚಯದ ಬೆಳೆಗಾರರೊಬ್ಬರಿಗೆ ಈ ವಿಷಯ ತಿಳಿದದ್ದು ಯಾವ ಪತ್ರಿಕೆಯಿಂದಲೂ ಅಲ್ಲ. ಕಾಫಿ ಕೊಳ್ಳುವವರು ‘ತೋಟದ ಲೊಕೇಶನ್ ಬೇಕು’ ಎಂದಾಗ. ‘ಮೇಷ್ಟ್ರೇ, ನಮ್ಮ ತಾತನ ಕಾಲದ ತೋಟ. ಇದನ್ನು ಇಟಲಿಯವರಿಗೆ ಯಾಕೆ ತೋರಿಸಬೇಕು?’ ಎಂದು ಕೇಳಿದರು. ಕಾಡು ಉಳಿಯಬೇಕೆಂಬುದರಲ್ಲಿ ಅವರಿಗೆ ತಕರಾರಿಲ್ಲ. ನೆರಳು ಮರದ ಕೆಳಗೆ ಕಾಫಿ ಬೆಳೆಯುವವರು ಅವರು. ಆ ನೆರಳಿನ ತೋಟಕ್ಕೂ ಕಾಡಿಗೂ ವ್ಯತ್ಯಾಸವನ್ನು ಆಕಾಶದ ಚಿತ್ರದಿಂದ ಹೇಗೆ ಗುರುತಿಸುತ್ತಾರೆ ಎಂಬುದು ಅವರ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಕರಡು ಚರ್ಚೆಯಲ್ಲಿದ್ದ ಒಂದೂವರೆ ವರ್ಷದಲ್ಲಿ ಕೇಳಬೇಕಾಗಿದ್ದದ್ದು. ಮುಂದೆ ಹಲವು ದೇಶಗಳಿಂದ ಆಕ್ಷೇಪ ಬಂದು, 2024ರಲ್ಲೊಮ್ಮೆ, 2025ರಲ್ಲೊಮ್ಮೆ, ಕಾನೂನಿನ ಜಾರಿಯನ್ನು ಮುಂದೂಡಿದರು.

ಕೊಡಗಿನ ಬೆಳೆಗಾರನಿಗೆ ಬ್ರಸೆಲ್ಸ್‌ನಲ್ಲಿ ಮತವಿಲ್ಲ. ಸುದ್ದಿ ತಿಳಿದರೆ ದೆಹಲಿಯ ಮೂಲಕವಾದರೂ ಮಾತು ಹೋಗಬಹುದು. ಮತವಿರುವ ಯೂರೋಪಿನವನಿಗೂ ತನ್ನ ಕಪ್ಪಿನ ಕಾಫಿಗೆ ಸಂಬಂಧಿಸಿದ ಈ ಕಾನೂನಿಗೆ ತನ್ನ ಪ್ರತಿನಿಧಿ ಹೌದೆಂದನೋ ಇಲ್ಲವೆಂದನೋ ತಿಳಿಯದಿದ್ದರೆ, ಇಬ್ಬರಿಗೂ ಹೆಚ್ಚಿನ ವ್ಯತ್ಯಾಸ ಉಳಿಯುವುದಿಲ್ಲ. ಇಂಥ ಮೇಲಿನ ಸಭೆಗಳು ಕಡಿಮೆಯಾಗುವ ಲಕ್ಷಣವಿಲ್ಲ. ವ್ಯಾಪಾರ, ಹವಾಮಾನ, ಔಷಧ, ಕಂಪ್ಯೂಟರು ಯಾವುದನ್ನೂ ಒಂದು ದೇಶ ಒಂಟಿಯಾಗಿ ನಿಭಾಯಿಸಲಾರದು. ಹಾಗಿರುವಾಗ ಅಲ್ಲಿ ಕರಡು ಹುಟ್ಟುವ ದಿನವೇ ‘ಇದರಿಂದ ನಮ್ಮ ತೋಟಕ್ಕೆ ಏನಾಗುತ್ತದೆ?’ ಎಂದು ನಮ್ಮ ಭಾಷೆಯಲ್ಲಿ ಬರೆಯುವ ಒಬ್ಬ ವರದಿಗಾರ ಬೇಕು. ಅವನ ವರದಿ ಮುಖಪುಟದಲ್ಲಿ ಬರದಿದ್ದರೂ ಚಿಂತೆಯಿಲ್ಲ. ಒಳಪುಟದ ಎರಡು ಕಾಲಮ್ಮಾದರೂ ಸಾಕು.